ಸಹಿ ಹಾಕಿದ ಮೇಲೆ ಉಳಿಯುವ ಕೆಲಸ: ಕೇಂದ್ರ ಗೃಹ ಸಚಿವರಿಗೆ ಕಲಬುರಗಿಯಿಂದ ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಗೃಹ ಸಚಿವರು,
ಭಾರತ ಸರ್ಕಾರ, ನವದೆಹಲಿ.

ಪ್ರತಿ: ಕರ್ನಾಟಕದ ಘನತೆವೆತ್ತ ರಾಜ್ಯಪಾಲರಿಗೆ ಹಾಗೂ ಸನ್ಮಾನ್ಯ ಮುಖ್ಯಮಂತ್ರಿಗಳಿಗೆ.

ವಿಷಯ: ಪ್ರಾದೇಶಿಕ ಚಳವಳಿಗಳಿಗೆ ಕೇಂದ್ರ ಕೊಡುತ್ತ ಬಂದಿರುವ ಉತ್ತರ ಮತ್ತು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಇಂದಿನ ಸ್ಥಿತಿ.

ಮಾನ್ಯರೇ,

ನವೆಂಬರ್ 1ರಂದು ರಾಜ್ಯವೆಲ್ಲ ರಾಜ್ಯೋತ್ಸವದ ಸಡಗರದಲ್ಲಿದ್ದರೆ ಕಲಬುರಗಿಯ ಸರ್ದಾರ್ ಪಟೇಲ್ ವೃತ್ತದ ಆಸುಪಾಸಿನಲ್ಲಿ ಪೊಲೀಸರಿಗೆ ಬೇರೆಯೇ ಕೆಲಸವಿರುತ್ತದೆ. ಪ್ರತ್ಯೇಕ ಕಲ್ಯಾಣ ಕರ್ನಾಟಕ ರಾಜ್ಯದ ಧ್ವಜ ಹಾರಿಸುತ್ತೇವೆಂದು ಬಂದವರನ್ನು ವ್ಯಾನಿಗೆ ಹತ್ತಿಸುವುದು, ಆಮೇಲೆ ಬಿಟ್ಟು ಕಳಿಸುವುದು. ಹಲವು ವರ್ಷಗಳಿಂದ ಇದು ನಡೆದುಬಂದಿದೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ಒಂದು ಫೋಟೊ, ನಾಲ್ಕು ಸಾಲು. ದೆಹಲಿಗೆ ಹೋಗುವ ವರದಿಯಲ್ಲಿ ಅದು ಕಾನೂನು ಸುವ್ಯವಸ್ಥೆಯ ಕಲಮಿನಡಿ ಬರುತ್ತದೆಂದು ನಮ್ಮ ಅಂದಾಜು. ಈ ಪತ್ರಕ್ಕೆ ಕಾರಣ ಆ ಕಲಮು. ನಮ್ಮಲ್ಲಿ ಪ್ರತ್ಯೇಕ ರಾಜ್ಯ ಬೇಕೆನ್ನುವವರೂ ಇದ್ದಾರೆ, ಬೇಡವೇ ಬೇಡ ಎನ್ನುವವರೂ ಇದ್ದಾರೆ. ಆದರೆ ಆ ಧ್ವಜವನ್ನು ಪೊಲೀಸ್ ಠಾಣೆಯ ಲೆಕ್ಕಕ್ಕೆ ಬಿಡುವುದು ತಪ್ಪು ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ.

ಮೊದಲು ಕಾನೂನಿನ ಮಾತು. ಹೊಸ ರಾಜ್ಯ ಕೇಳುವುದು ಬೇರೆ, ದೇಶ ಬಿಟ್ಟುಹೋಗುತ್ತೇವೆನ್ನುವುದು ಬೇರೆ. ಹೊಸ ರಾಜ್ಯಕ್ಕೆ ಸಂವಿಧಾನದ 3ನೇ ವಿಧಿಯೇ ದಾರಿ ಹಾಕಿಕೊಟ್ಟಿದೆ. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಬರಬೇಕು, ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಸಂಸತ್ತು ಸಾಮಾನ್ಯ ಬಹುಮತದಿಂದ ತೀರ್ಮಾನಿಸಬೇಕು. ರಾಜ್ಯದ ಅಭಿಪ್ರಾಯ ಕೇಳುವುದು ಕಡ್ಡಾಯ, ಒಪ್ಪುವುದು ಕಡ್ಡಾಯವಲ್ಲ. ಹೀಗೆ ಸಂವಿಧಾನವೇ ತೆರೆದಿಟ್ಟಿರುವ ಬಾಗಿಲನ್ನು ತಟ್ಟುವವರು ಪ್ರತ್ಯೇಕತಾವಾದಿಗಳಾಗುವುದಿಲ್ಲ. ದೇಶದಿಂದ ಬೇರೆಯಾಗುವ ಮಾತಿಗೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಇದೆ, ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಇದೆ. ಹೊಸ ರಾಜ್ಯದ ಬೇಡಿಕೆ ಮತ್ತು ದೇಶ ಬಿಡುವ ಮಾತಿನ ನಡುವಿನ ಗೆರೆಯನ್ನು ದೆಹಲಿ ಒಮ್ಮೆ ಸ್ಪಷ್ಟವಾಗಿಯೇ ಎಳೆದಿತ್ತು. 1963ರಲ್ಲಿ 16ನೇ ತಿದ್ದುಪಡಿ ತಂದು, ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುತ್ತೇನೆಂಬ ಪ್ರಮಾಣವನ್ನು ಅಭ್ಯರ್ಥಿಗಳಿಗೆ ಕಡ್ಡಾಯ ಮಾಡಿತು. ಅದೇ ವರ್ಷ ಡಿಎಂಕೆ ದ್ರಾವಿಡನಾಡೆಂಬ ಪ್ರತ್ಯೇಕ ದೇಶದ ಬೇಡಿಕೆ ಕೈಬಿಟ್ಟಿತು. ಆದರೆ ಅವರ ಭಾಷೆಯ ಹೋರಾಟವನ್ನು ದೇಶದ್ರೋಹದ ಪಟ್ಟಿಗೆ ಸೇರಿಸಲಿಲ್ಲ. 1967ರಲ್ಲಿ ಆ ಪಕ್ಷ ಮದ್ರಾಸಿನಲ್ಲಿ ಸರ್ಕಾರ ರಚಿಸಿತು, ಅದೇ ವರ್ಷ ಇಂಗ್ಲಿಷ್ ಮುಂದುವರಿಕೆಗೆ ಅಧಿಕೃತ ಭಾಷಾ ಕಾಯ್ದೆಯನ್ನೂ ತಿದ್ದಲಾಯಿತು. ಅಲ್ಲಿಗೆ ಪ್ರತ್ಯೇಕ ದೇಶದ ಮಾತು ನಿಂತೇಹೋಯಿತು.

ಇನ್ನು ನಮ್ಮ ನೆಲದ ಸಂಗತಿ. ಸ್ವತಂತ್ರವಾಗಿಯೇ ಉಳಿಯುತ್ತೇನೆಂದ ಸಂಸ್ಥಾನವೊಂದಕ್ಕೆ ಕೇಂದ್ರ ಕೊಟ್ಟ ಅತಿ ದೊಡ್ಡ ಉತ್ತರವನ್ನು ಕಂಡದ್ದು ಕಲಬುರಗಿ, ಬೀದರ್, ರಾಯಚೂರು ಸೇರಿದ್ದ ಹೈದರಾಬಾದ್ ಸೀಮೆ. 1947ರ ನವೆಂಬರ್ 29ರಂದು ನಿಜಾಮರೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತು. ವರ್ಷದ ಮಟ್ಟಿಗೆ ಇದ್ದದ್ದು ಇದ್ದಹಾಗೆ ಎನ್ನುವುದು ಅದರ ಸಾರ. ಒಪ್ಪಂದ ಮುರಿದಿದ್ದೀರೆಂದು ಇಬ್ಬರೂ ಒಬ್ಬರ ಮೇಲೊಬ್ಬರು ದೂರಿದರು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿದ್ದೀರಿ ಎಂದು ದೆಹಲಿ, ಸರಕು ಬರದಂತೆ ದಿಗ್ಬಂಧನ ಹಾಕಿದ್ದೀರಿ ಎಂದು ಹೈದರಾಬಾದ್. ನಡುವೆ ಹಳ್ಳಿಗಳಲ್ಲಿ ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೊರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಸೆಪ್ಟೆಂಬರ್ 13ಕ್ಕೆ ಸೇನೆ ನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ಸೇನೆಯ ಕಡತದಲ್ಲಿ ಅದು ಆಪರೇಷನ್ ಪೋಲೊ, ಜನರ ಬಾಯಲ್ಲಿ ಇಂದಿಗೂ ಪೊಲೀಸ್ ಆ್ಯಕ್ಷನ್. ಆ 17ನೇ ತಾರೀಖನ್ನೇ ನಾವು ವಿಮೋಚನಾ ದಿನವೆಂದು ಆಚರಿಸಿಕೊಂಡು ಬಂದೆವು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತಿದ್ದೇವೆ.

ಆ ಐದು ದಿನಗಳ ಬಗ್ಗೆ ಸಾಕಷ್ಟು ಭಾಷಣಗಳಾಗಿವೆ. ಆಮೇಲಿನ ತಿಂಗಳುಗಳ ಬಗ್ಗೆ ಭಾಷಣ ಮಾಡುವವರು ಕಡಿಮೆ. ಸೇನೆ ಬಂದ ಬಳಿಕ ಮುಸ್ಲಿಮರ ಮೇಲೆ ನಡೆದ ಸೇಡಿನ ಹಿಂಸೆಯ ಬಗ್ಗೆ ತಿಳಿಯಲು ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್ ಅವರ ನೇತೃತ್ವದ ತಂಡವನ್ನು ಕಳಿಸಿದರು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ತಂಡ ಅಂದಾಜಿಸಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ವರದಿ ದಶಕಗಟ್ಟಲೆ ಹೊರಬರಲಿಲ್ಲ. ಗೊರಟಾದ ದುಃಖವನ್ನೂ ಸೆಪ್ಟೆಂಬರ್ ನಂತರದ ದುಃಖವನ್ನೂ ಒಂದೇ ಉಸಿರಿನಲ್ಲಿ ಹೇಳುವ ಸರ್ಕಾರಿ ದಾಖಲೆಯೊಂದು ಆಗಲೇ ಜನರ ಕೈಗೆ ಸಿಕ್ಕಿದ್ದರೆ ಇಂದು ಎರಡೂ ಕಡೆಯವರು ತಮ್ಮ ತಮ್ಮ ಅರ್ಧವನ್ನಷ್ಟೇ ಎತ್ತಿ ಆಡುವ ಪ್ರಮೇಯ ಬರುತ್ತಿರಲಿಲ್ಲ.

ನಮಗೆ ಇದಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು 1956ರಲ್ಲಿ, ಸದ್ದಿಲ್ಲದೆ. ಹೈದರಾಬಾದ್ ರಾಜ್ಯವನ್ನು ಭಾಷೆಯ ಪ್ರಕಾರ ಮೂರು ಪಾಲು ಮಾಡಿದಾಗ ತೆಲಂಗಾಣ ಆಂಧ್ರಕ್ಕೆ, ಮರಾಠವಾಡ ಮುಂಬೈ ರಾಜ್ಯಕ್ಕೆ, ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು. ಮೂರೂ ಒಂದೇ ಆಡಳಿತದಿಂದ ಬಂದವು, ಮೂರರದೂ ಒಂದೇ ಬಡತನ. ಆ ವರ್ಷದ 7ನೇ ತಿದ್ದುಪಡಿಯಲ್ಲಿ ಬಂದ 371ನೇ ವಿಧಿಯನ್ನು ದಯವಿಟ್ಟು ತೆಗೆದು ನೋಡಿ. ಆಂಧ್ರಪ್ರದೇಶಕ್ಕೆ ಪ್ರಾದೇಶಿಕ ಸಮಿತಿಯ ಅವಕಾಶವಿತ್ತು, ಅದು ತೆಲಂಗಾಣಕ್ಕಾಗಿ. ಮುಂಬೈ ರಾಜ್ಯಕ್ಕೆ ಅಭಿವೃದ್ಧಿ ಮಂಡಳಿಗಳ ಅವಕಾಶವಿತ್ತು, ಅದರಲ್ಲಿ ಮರಾಠವಾಡದ ಹೆಸರಿತ್ತು. ಮೈಸೂರಿನ ಹೆಸರೇ ಇರಲಿಲ್ಲ. ಒಂದೇ ಮನೆಯಿಂದ ಹೊರಟ ಮೂವರಲ್ಲಿ ಇಬ್ಬರ ಕೈಗೆ ಕಾಗದ ಕೊಟ್ಟು ಮೂರನೆಯವರನ್ನು ಬರಿಗೈಯಲ್ಲಿ ಕಳಿಸಿದರು. ಕನ್ನಡ ನಾಡು ಒಂದಾದ ಸಂತೋಷದಲ್ಲಿ ನಮ್ಮ ಹಿರಿಯರು ಅದನ್ನು ಕೇಳಲೂ ಇಲ್ಲ. ಆ ಕಾಗದ ನಮ್ಮ ಕೈಗೆ ಬರುವ ಹೊತ್ತಿಗೆ 56 ವರ್ಷ ಕಳೆದಿತ್ತು.

ಗಲಾಟೆ ಮಾಡಿದವರಿಗೆ ಮೊದಲು, ಸುಮ್ಮನಿದ್ದವರಿಗೆ ಕೊನೆಗೆ. ದೇಶದ ಉದ್ದಗಲಕ್ಕೂ ಜನ ಕಲಿತಿರುವ ಪಾಠ ಇದೇ, ಕಲಿಸಿದ್ದು ನಿಮ್ಮ ಸಚಿವಾಲಯ. ಎಲ್ಲ ಸರ್ಕಾರಗಳನ್ನೂ ಸೇರಿಸಿ ಹೇಳುತ್ತಿದ್ದೇವೆ, ಪಕ್ಷ ಹಿಡಿದು ಅಲ್ಲ. ಮೊದಲ ಹಂತದಲ್ಲಿ ಅರ್ಜಿ ಉಪೇಕ್ಷೆಗೆ ಸಿಕ್ಕುತ್ತದೆ. ಆಮೇಲೆ ಪೊಲೀಸು, ಬೇಕಾದರೆ ಸೇನೆ. ಬಳಿಕ ಸಮಿತಿ, ಮಾತುಕತೆ, ಹಾರ ತುರಾಯಿ, ಒಪ್ಪಂದ. ಅಲ್ಲಿಗೆ ಕಡತ ಮುಚ್ಚುತ್ತದೆ. ಕೆಡುವುದು ಈ ಕೊನೆಯ ಘಟ್ಟದಲ್ಲೇ.

ಮಿಜೋರಂ ನೋಡಿ. 1959ರಲ್ಲಿ ಬಿದಿರು ಹೂಬಿಟ್ಟು, ಇಲಿಗಳು ಮಿತಿಮೀರಿ, ಬೆಳೆ ಹಾಳಾಗಿ ಅಲ್ಲಿ ಬರ ಬಂತು. ಬಿದಿರು ಹೂಬಿಡುವ ಕಾಲ ಹತ್ತಿರವಾಯಿತೆಂದು ಅಲ್ಲಿನ ಜಿಲ್ಲಾ ಕೌನ್ಸಿಲ್ ಮೊದಲೇ ಎಚ್ಚರಿಸಿತ್ತು. ಹಿಂದಿನ ಅನುಭವ ಇದ್ದವರ ಮಾತನ್ನು ಅಸ್ಸಾಂ ಸರ್ಕಾರ ಮೂಢನಂಬಿಕೆ ಎಂಬಂತೆ ತಳ್ಳಿಹಾಕಿತು. ಗಂಜಿ ಹಂಚಲು ಹುಟ್ಟಿದ ಸಂಘಟನೆಯೇ 1961ರಲ್ಲಿ ಲಾಲ್‌ಡೆಂಗಾ ಅವರ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಮಾರ್ಚ್ 1ರಂದು ಅದು ಸ್ವಾತಂತ್ರ್ಯ ಘೋಷಿಸಿತು, ವಾರ ಕಳೆಯುವುದರೊಳಗೆ ಐಜ್ವಾಲ್ ಮೇಲೆ ನಮ್ಮದೇ ವಾಯುಪಡೆಯ ವಿಮಾನಗಳು ದಾಳಿ ನಡೆಸಿದವು. ಮರುವರ್ಷದಿಂದ ಹಳ್ಳಿಗಳನ್ನು ಎಬ್ಬಿಸಿ, ಜನರನ್ನು ಹೆದ್ದಾರಿಯ ಬದಿಯ ಕಾವಲು ಶಿಬಿರಗಳಿಗೆ ಸಾಗಿಸಿದರು. ಬಂಡುಕೋರರಿಗೆ ಅನ್ನ ಸಿಗಬಾರದೆಂಬ ಉದ್ದೇಶ. ಆದರೆ ಊರು ಹೊಲ ಬಿಟ್ಟುಬಂದ ಕೃಷಿಕನಿಗೂ ಅನ್ನ ಸಿಗಲಿಲ್ಲ. ಇಪ್ಪತ್ತು ವರ್ಷದ ಮೇಲೆ, 1986ರ ಜೂನ್ 30ರಂದು ಒಪ್ಪಂದವಾಯಿತು.

ಆ ಒಪ್ಪಂದ ಇವತ್ತಿಗೂ ನಿಂತಿದೆ. ಯಾಕೆಂದರೆ ಬರೆದದ್ದನ್ನು ಮಾಡಿದರು, ಬೇಗ ಮಾಡಿದರು. ಎರಡೇ ತಿಂಗಳಲ್ಲಿ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. 1987ರ ಫೆಬ್ರುವರಿ 20ರಂದು ರಾಜ್ಯ ಹುಟ್ಟಿತು. ಜಮೀನು, ಧಾರ್ಮಿಕ ಸಾಮಾಜಿಕ ಆಚರಣೆ, ಅವರ ರೂಢಿಯ ಕಾನೂನು ಇವುಗಳ ಮೇಲೆ ಸಂಸತ್ತಿನ ಕಾಯ್ದೆ ಅಲ್ಲಿನ ವಿಧಾನಸಭೆಯ ಒಪ್ಪಿಗೆಯಿಲ್ಲದೆ ಅನ್ವಯಿಸದು ಎಂದು 371(ಜಿ) ವಿಧಿಯಲ್ಲಿ ಬರೆದರು. ಆಮೇಲೆ ಚುನಾವಣೆಯಲ್ಲಿ ಅದೇ ಪಕ್ಷ ಸೋತಿತು, ಗೆದ್ದಿತು, ಯಾರೂ ಕಾಡಿಗೆ ಹೋಗಲಿಲ್ಲ.

ಅದರ ಹಿಂದಿನ ವರ್ಷದ ಪಂಜಾಬ್ ಒಪ್ಪಂದಕ್ಕೆ ಈ ಭಾಗ್ಯ ಇರಲಿಲ್ಲ. 1985ರ ಜುಲೈ 24ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಅಕಾಲಿ ದಳದ ನಾಯಕ ಲೋಂಗೋವಾಲ್ ಸಹಿ ಹಾಕಿದರು. ಚಂಡೀಗಡ 1986ರ ಜನವರಿ 26ಕ್ಕೆ ಪಂಜಾಬಿಗೆ ಸೇರಬೇಕಿತ್ತು. ಸಹಿ ಹಾಕಿದ ಲೋಂಗೋವಾಲರನ್ನು ಒಂದೇ ತಿಂಗಳೊಳಗೆ ಕೊಂದರು, ಚಂಡೀಗಡ ಇನ್ನೂ ಕೇಂದ್ರಾಡಳಿತದಲ್ಲೇ ಇದೆ. ಒಪ್ಪಂದಕ್ಕೆ ಜೀವ ಪಣವಿಟ್ಟ ಮಿತವಾದಿಯ ಹಿಂದೆ ದೆಹಲಿ ನಿಲ್ಲಲಿಲ್ಲವೆಂದರೆ ಮುಂದಿನ ಸಲ ಮಾತುಕತೆಗೆ ಯಾರು ಬರುತ್ತಾರೆ?

ಹೊರದೇಶದ ಒಂದೇ ಉದಾಹರಣೆ ಸಾಕು. ಶ್ರೀಲಂಕಾದ ತಮಿಳು ನಾಯಕ ಚೆಲ್ವನಾಯಗಂ ಕೇಳಿದ್ದು ಫೆಡರಲ್ ವ್ಯವಸ್ಥೆ, ದೇಶವಲ್ಲ. 1957ರಲ್ಲಿ ಪ್ರಧಾನಿ ಬಂಡಾರನಾಯಿಕೆ ಅವರೊಂದಿಗೆ ಪ್ರಾದೇಶಿಕ ಮಂಡಳಿಗಳ ಒಪ್ಪಂದ ಮಾಡಿಕೊಂಡರು. 1958ರ ಏಪ್ರಿಲ್‌ನಲ್ಲಿ ಬೌದ್ಧ ಭಿಕ್ಕುಗಳು ಮನೆ ಮುಂದೆ ಧರಣಿ ಕೂತರೆಂದು ಪ್ರಧಾನಿ ಅದನ್ನು ರದ್ದುಮಾಡಿದರು. 1965ರಲ್ಲಿ ಇನ್ನೊಬ್ಬ ಪ್ರಧಾನಿಯೊಂದಿಗೆ ಇನ್ನೊಂದು ಒಪ್ಪಂದವಾಯಿತು, ಅದೂ ಮೂಲೆ ಸೇರಿತು. 1976ರಲ್ಲಿ ಅದೇ ಚೆಲ್ವನಾಯಗಂ ನಾಯಕತ್ವದಲ್ಲೇ ಪ್ರತ್ಯೇಕ ದೇಶದ ಠರಾವು ಪಾಸಾಯಿತು. ಆ ಹೊತ್ತಿಗೆ ಹೊಸ ತಲೆಮಾರಿನ ಹುಡುಗರು ಠರಾವುಗಳನ್ನೂ ನಂಬದ ಸ್ಥಿತಿಗೆ ಬಂದಿದ್ದರು. ಮುಂದಿನದು ನಿಮಗೆ ಗೊತ್ತೇ ಇದೆ.

ನಮ್ಮ ವಾದಕ್ಕೆ ನಿಜವಾದ ಕನ್ನಡಿ ಇರುವುದು ಸೇಡಂ, ಚಿಂಚೋಳಿ ತಾಲ್ಲೂಕುಗಳ ಗಡಿ ದಾಟಿದರೆ ಸಿಗುವ ತೆಲಂಗಾಣದಲ್ಲಿ. ಅಲ್ಲಿ 1956ರ ಫೆಬ್ರುವರಿಯಲ್ಲೇ ಎರಡೂ ಭಾಗದ ನಾಯಕರು ದೊಡ್ಡಮನುಷ್ಯರ ಒಪ್ಪಂದ ಮಾಡಿಕೊಂಡಿದ್ದರು. ಸ್ಥಳೀಯರಿಗೆ ನೌಕರಿ, ತೆಲಂಗಾಣದ ಹೆಚ್ಚುವರಿ ಆದಾಯ ತೆಲಂಗಾಣಕ್ಕೇ, ಮಂತ್ರಿಮಂಡಲದಲ್ಲಿ ಪಾಲು. ಪಾಲನೆಯಾಗಲಿಲ್ಲವೆಂದು 1969ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರ್ ಆಯಿತು, ಹುಡುಗರು ಸತ್ತರು. 1973ರಲ್ಲಿ ಕೇಂದ್ರದ ಆರು ಅಂಶಗಳ ಸೂತ್ರ, ಮರುವರ್ಷ 371(ಡಿ) ವಿಧಿ, 1975ರಲ್ಲಿ ರಾಷ್ಟ್ರಪತಿ ಆದೇಶ. ರಾಜ್ಯವನ್ನು ಆರು ವಲಯ ಮಾಡಿ ಗುಮಾಸ್ತ ಮಟ್ಟದಲ್ಲಿ 80, ಅದರ ಮೇಲಿನ ಪತ್ರಾಂಕಿತವಲ್ಲದ ಹುದ್ದೆಗಳಲ್ಲಿ 70, ಕೆಲವು ಪತ್ರಾಂಕಿತ ಹುದ್ದೆಗಳಲ್ಲಿ 60 ಶೇಕಡ ಸ್ಥಳೀಯರಿಗೆಂದು ಬರೆದರು. ಕಾಗದದಲ್ಲಿ ಕುಂದಿಲ್ಲ. ಹತ್ತು ವರ್ಷದ ಮೇಲೆ, 1985ರ ಡಿಸೆಂಬರ್‌ನಲ್ಲಿ, ರಾಜ್ಯ ಸರ್ಕಾರವೇ 610ನೇ ನಂಬರಿನ ಆದೇಶ ಹೊರಡಿಸಿ, ತೆಲಂಗಾಣದ ವಲಯಗಳಲ್ಲಿ ನಿಯಮ ಮೀರಿ ಸೇರಿಕೊಂಡವರನ್ನು 1986ರ ಮಾರ್ಚ್ 31ರೊಳಗೆ ವಾಪಸು ಕಳಿಸಿ ಎಂದಿತು. ಸಂವಿಧಾನದ ಆದೇಶ ಪಾಲಿಸಿ ಎನ್ನಲು ಇನ್ನೊಂದು ಆದೇಶ! ಅದೂ ಪಾಲನೆಯಾಗದೆ 2001ರಲ್ಲಿ ಗಿರ್ಗ್ಲಾನಿ ಆಯೋಗ ನೇಮಿಸಬೇಕಾಯಿತು.

2009ರ ಡಿಸೆಂಬರ್ 9ರ ರಾತ್ರಿ ಅಂದಿನ ಗೃಹ ಸಚಿವರು ಪ್ರತ್ಯೇಕ ರಾಜ್ಯದ ಪ್ರಕ್ರಿಯೆ ಶುರುವಾಗುತ್ತದೆಂದರು. 23ಕ್ಕೆ, ಎಲ್ಲರ ಅಭಿಪ್ರಾಯ ಕೇಳಬೇಕೆಂದು ಹಿಂದೆ ಸರಿದರು. ಕೇಂದ್ರ ನೇಮಿಸಿದ ಶ್ರೀಕೃಷ್ಣ ಸಮಿತಿ ಆರು ಆಯ್ಕೆ ಮುಂದಿಟ್ಟು, ರಾಜ್ಯವನ್ನು ಒಂದಾಗಿಯೇ ಉಳಿಸಿ ತೆಲಂಗಾಣಕ್ಕೆ ಶಾಸನಬದ್ಧ ಪ್ರಾದೇಶಿಕ ಮಂಡಳಿ ಕೊಡುವುದು ಉತ್ತಮ ಎಂದಿತು. 1956ರಲ್ಲಿ ಕೇಳಿದ್ದನ್ನೇ 2010ರಲ್ಲಿ ಕೊಡಲು ಹೊರಟರೆ ಯಾರು ಒಪ್ಪುತ್ತಾರೆ? 2014ರ ಜೂನ್ 2ರಂದು ರಾಜ್ಯವಾಯಿತು. ಅದರ ಹಿಂದೆ ನೀರು, ಹಣ, ಸ್ವಾಭಿಮಾನ ಎಲ್ಲವೂ ಇತ್ತು, ಒಪ್ಪುತ್ತೇವೆ. ಆದರೆ ಮನೆಮನೆಯ ಸಿಟ್ಟಿಗೆ ಮೂಲ ನೌಕರಿಯ ಲೆಕ್ಕ.

ಈಗ ನಮ್ಮ 371(ಜೆ). ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಹೋರಾಡಿ, ಒಮ್ಮೆ ಕೇಂದ್ರದಿಂದ ಇಲ್ಲ ಎನ್ನಿಸಿಕೊಂಡು, ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಅಂಗೀಕರಿಸಿತು. ವಿಧಿ ಮೂರು ಹೊಣೆಗಳನ್ನು ಹೊರಿಸುತ್ತದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಅದರ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ, ಅಭಿವೃದ್ಧಿ ಹಣದಲ್ಲಿ ನ್ಯಾಯವಾದ ಪಾಲು, ನೌಕರಿ ಮತ್ತು ಶಿಕ್ಷಣದಲ್ಲಿ ನ್ಯಾಯವಾದ ಅವಕಾಶ. ಇವೆಲ್ಲ ರಾಜ್ಯಪಾಲರ ‘ವಿಶೇಷ ಹೊಣೆ’. ರಾಜ್ಯಪಾಲರನ್ನು ನೇಮಿಸುವುದು ಕೇಂದ್ರ. ಆದ್ದರಿಂದ ಇದು ರಾಜ್ಯದ ವಿಷಯ, ಬೆಂಗಳೂರನ್ನು ಕೇಳಿ ಎಂಬ ಉತ್ತರ ನಿಮ್ಮ ಕಚೇರಿಯಿಂದ ಬರಕೂಡದು.

2013ರ ಆದೇಶಗಳ ಪ್ರಕಾರ ಈ ಭಾಗದ ಹುದ್ದೆಗಳಲ್ಲಿ ಗ್ರೂಪ್ ಬಿ 75, ಗ್ರೂಪ್ ಸಿ 80, ಗ್ರೂಪ್ ಡಿ 85 ಶೇಕಡ ಸ್ಥಳೀಯ ವೃಂದಕ್ಕೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಕಾಲೇಜು ಸೀಟುಗಳಲ್ಲಿ ಇಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಸೀಟಿನ ಮಟ್ಟಿಗೆ ಲಾಭ ಆಗಿದೆ, ಹಳ್ಳಿ ಹಳ್ಳಿಯಲ್ಲೂ ಎಂಬಿಬಿಎಸ್, ಎಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಸೋರುವುದು ನೌಕರಿಯಲ್ಲಿ.

ಗ್ರೂಪ್ ಸಿ ದರ್ಜೆಯ 100 ಹುದ್ದೆಗಳನ್ನು ತೆಗೆದುಕೊಳ್ಳಿ. ಸ್ಥಳೀಯ ವೃಂದಕ್ಕೆ 80. ಉಳಿದ 20 ಹೊರಗಿನವರ ಮೀಸಲಲ್ಲ, ಅದು ಎಲ್ಲರಿಗೂ ಮುಕ್ತ. ಅಂಕದಲ್ಲಿ ಮುಂದಿರುವ ಹುಮನಾಬಾದಿನ ಹುಡುಗಿಗೂ ಅಲ್ಲಿ ಹಕ್ಕಿದೆ. ಮೊದಲು ಮುಕ್ತ ಪಟ್ಟಿ ಮಾಡಿ, ಅದರಲ್ಲಿ ಆಕೆಯನ್ನು ಎಣಿಸಿ, ಆಮೇಲೆ ಸ್ಥಳೀಯ ಪಟ್ಟಿಗೆ ಬಂದರೆ 80 ಹುದ್ದೆ ಇಡಿಯಾಗಿ ಉಳಿಯುತ್ತವೆ. ಆಕೆಯ ಕೈಲಿ ಸ್ಥಳೀಯ ಪ್ರಮಾಣಪತ್ರ ಇದೆಯೆಂದು ನೇರವಾಗಿ ಸ್ಥಳೀಯ ಪಟ್ಟಿಗೆ ಹಾಕಿಬಿಟ್ಟರೆ 80ರಲ್ಲಿ ಒಂದು ಕಡಿಮೆಯಾಯಿತು, 20ರಲ್ಲಿ ಹೊರಗಿನವರಿಗೆ ಒಂದು ಹೆಚ್ಚಾಯಿತು. ಕನಿಷ್ಠವೆಂದು ಕೊಟ್ಟದ್ದು ಹೀಗೆ ಗರಿಷ್ಠವಾಗುತ್ತದೆ. ಯಾವ ಪಟ್ಟಿ ಮೊದಲು ಎನ್ನುವ ಈ ಸಣ್ಣ ಪ್ರಶ್ನೆಗೆ ಸುತ್ತೋಲೆಯ ಮೇಲೆ ಸುತ್ತೋಲೆ ಬಂದಿವೆ, ಒಂದು ಇನ್ನೊಂದನ್ನು ತಿದ್ದಿದೆ, ವಿವಾದ ಕರ್ನಾಟಕ ಆಡಳಿತ ನ್ಯಾಯಮಂಡಳಿ (ಕೆಎಟಿ) ಮತ್ತು ಹೈಕೋರ್ಟಿನ ತನಕ ಹೋಗಿದೆ. ಅಷ್ಟರಲ್ಲಿ ಅಭ್ಯರ್ಥಿಗಳ ವಯೋಮಿತಿ ಮೀರುತ್ತದೆ.

ಎರಡನೆಯ ಸೋರಿಕೆ ನಿಯೋಜನೆ. ಇಲ್ಲಿನ ಹುದ್ದೆಗೆ ನೇಮಕವಾದ ವೈದ್ಯರು, ಎಂಜಿನಿಯರುಗಳು, ಉಪನ್ಯಾಸಕರು ಪ್ರಭಾವ ಬಳಸಿ ಬೇರೆಡೆ ನಿಯೋಜನೆಗೊಳ್ಳುತ್ತಾರೆ. ಸಂಬಳ ಇಲ್ಲಿನ ಹುದ್ದೆಯ ಮೇಲೆ, ಕೆಲಸ ಅಲ್ಲಿ. ದಾಖಲೆಯಲ್ಲಿ ಹುದ್ದೆ ಭರ್ತಿ, ಕುರ್ಚಿ ಖಾಲಿ. ಖಾಲಿ ಎಂದು ತೋರದ ಹುದ್ದೆಗೆ ಯಾರೂ ಅರ್ಜಿ ಕರೆಯುವುದಿಲ್ಲ. ಶೇ 8ರ ಪಾಲಿನ ಕಥೆ ಇನ್ನೂ ವಿಚಿತ್ರ. ಸಚಿವಾಲಯ, ನಿಗಮ, ವಿಶ್ವವಿದ್ಯಾಲಯಗಳಲ್ಲಿ ರೋಸ್ಟರ್ ಬಿಂದು, ಅಂದರೆ ನೇಮಕಾತಿಯ ಸರದಿಯಲ್ಲಿ ಈ ಪಾಲಿಗೆ ಸೇರುವ ಸ್ಥಾನ, ಗುರುತಿಸಿ, ತುಂಬದೆ ಉಳಿದದ್ದನ್ನು ಮುಂದಿನ ನೇಮಕಾತಿಗೆ ಒಯ್ಯಬೇಕು. ಎಷ್ಟು ಒಯ್ದಿದ್ದೀರಿ ಎಂದು ಇಲಾಖೆವಾರು ಕೇಳಿದರೆ ಒಂದೊಂದು ಕಡೆ ಒಂದೊಂದು ಉತ್ತರ. ಎಲ್ಲಕ್ಕಿಂತ ಮಿಗಿಲಾಗಿ, ನೇಮಕಾತಿಯೇ ನಡೆಯದಿದ್ದರೆ ಸೊನ್ನೆಯ 80 ಶೇಕಡವೂ ಸೊನ್ನೆಯೇ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಶಿಕ್ಷಕರ ಖಾಲಿ ಹುದ್ದೆಗಳನ್ನು ಪಕ್ಕಕ್ಕಿಟ್ಟು ಈ ಫಲಿತಾಂಶದ ವಿಶ್ಲೇಷಣೆ ಮಾಡಬೇಡಿ.

ಹಣದ ಮಾತು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಎಂಟು ವರ್ಷಕ್ಕೆ 31 ಸಾವಿರ ಕೋಟಿ ಬೇಕೆಂದು ಅದು ಹೇಳಿತ್ತು. ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತದೆ, 2023-24ರಿಂದ. ಘೋಷಿಸಿದ್ದು ಒಂದು, ಬಿಡುಗಡೆಯಾದದ್ದು ಇನ್ನೊಂದು, ಖರ್ಚಾದದ್ದು ಮತ್ತೊಂದು. ಕ್ರಿಯಾ ಯೋಜನೆಗೆ ಅನುಮೋದನೆ ಸಿಕ್ಕು, ಕಂತು ಬಿಡುಗಡೆಯಾಗಿ, ಟೆಂಡರ್ ಮುಗಿಯುವ ಹೊತ್ತಿಗೆ ಆರ್ಥಿಕ ವರ್ಷದ ಬಾಲ ಉಳಿದಿರುತ್ತದೆ. ಆಗ ಬೇಗ ಮುಗಿಯುವ ಕೆಲಸವೇ ಸಿಗಬೇಕು, ಸಿಸಿ ರಸ್ತೆ, ಸಮುದಾಯ ಭವನ. ಶಾಲೆಯ ಗೋಡೆ ಕಟ್ಟುವುದು ಸುಲಭ, ಅದರೊಳಗೆ ಗಣಿತದ ಮೇಷ್ಟ್ರನ್ನು ನಿಲ್ಲಿಸುವುದು ಮಂಡಳಿಯ ಕೈಲಿಲ್ಲ. ಇದಕ್ಕಿಂತ ಅಪಾಯದ ಸಂಗತಿ ಒಂದಿದೆ. ಮಂಡಳಿ ಮಾಡುತ್ತದಲ್ಲ ಎಂದು ಇಲಾಖೆಗಳು ತಮ್ಮ ಮಾಮೂಲಿ ಅನುದಾನವನ್ನೇ ಇತ್ತ ಕಡಿಮೆ ಮಾಡಿದರೆ ‘ವಿಶೇಷ’ ಎನ್ನುವುದು ಮೂಗಿಗೆ ಸವರಿದ ತುಪ್ಪ. ಇಲಾಖಾ ಅನುದಾನ ಮತ್ತು ಮಂಡಳಿ ಅನುದಾನವನ್ನು ತಾಲ್ಲೂಕುವಾರು ಅಕ್ಕಪಕ್ಕ ಇಡದೆ ಇದು ಬಯಲಾಗುವುದಿಲ್ಲ.

ಕೇಂದ್ರದ ಪಾಲಿನ ಬಾಕಿಯೂ ಇದೆ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸಭೆ ಸೇರಿದ ರಾಜ್ಯ ಸಚಿವ ಸಂಪುಟ, ಕೇಂದ್ರವೂ 5,000 ಕೋಟಿ ಕೊಡಲಿ ಎಂದು ಕೇಳಿತು. ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾಗಿ ದಶಕ ಮೀರಿದರೂ ಕಲಬುರಗಿ ಇನ್ನೂ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ಸಿಕಂದರಾಬಾದಿನಲ್ಲಿ. ರಾಯಚೂರಿಗೆ ಏಮ್ಸ್ ಕೇಳಿ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಅಷ್ಟು ದಿನ ಒಂದು ಕಲ್ಲೂ ತೂರದೆ ಕೂತವರಿಗೆ ಸಿಗುವ ಉತ್ತರವೇ ಮುಂದಿನ ತಲೆಮಾರಿಗೆ ನೀವು ಕೊಡುವ ಉತ್ತರ.

ಪಕ್ಕದ ಮರಾಠವಾಡದ ಮಂಡಳಿ 1956ರಲ್ಲಿ ಬರೆದಿದ್ದರೂ ಹುಟ್ಟಿದ್ದು 1994ರಲ್ಲಿ. 2020ರ ಏಪ್ರಿಲ್ 30ಕ್ಕೆ ಅವಧಿ ಮುಗಿದಾಗ ಸಕಾಲಕ್ಕೆ ನವೀಕರಣವೂ ಆಗಲಿಲ್ಲ. ಸಂವಿಧಾನದಲ್ಲಿ ಸಾಲಿದೆ ಎಂಬ ಒಂದೇ ಧೈರ್ಯದ ಮೇಲೆ ನಾವು ನಿದ್ದೆ ಮಾಡುವ ಹಾಗಿಲ್ಲ.

ಆದ್ದರಿಂದ ನಮ್ಮ ಮನವಿ ಹೀಗಿದೆ. ಸಂವಿಧಾನದ 5ನೇ ಅನುಸೂಚಿಯಲ್ಲಿ, ಅನುಸೂಚಿತ ಪ್ರದೇಶಗಳ ಆಡಳಿತದ ಬಗ್ಗೆ ರಾಜ್ಯಪಾಲರು ಪ್ರತಿ ವರ್ಷ ರಾಷ್ಟ್ರಪತಿಗಳಿಗೆ ವರದಿ ಕೊಡಬೇಕೆಂದಿದೆ. 371(ಜೆ)ಯಲ್ಲಿ ಅಂಥ ಕಟ್ಟುಪಾಡಿಲ್ಲ, ವರದಿ ವಿಧಾನಸಭೆಗೆ ಬಂದರೆ ಮುಗಿಯಿತು, ಅದೂ ಮಂಡಳಿಯ ಕೆಲಸದ್ದು ಮಾತ್ರ, ನೌಕರಿಯದ್ದಲ್ಲ. ಈ ವಿಧಿಯಡಿ ಹೊರಡಿಸಿರುವ ರಾಷ್ಟ್ರಪತಿ ಆದೇಶಕ್ಕೆ ತಿದ್ದುಪಡಿ ತಂದು ಆ ಕೊರತೆ ತುಂಬಿಸಿ. ದೇಶದಾದ್ಯಂತ 371ರ ಕುಟುಂಬದ ಎಲ್ಲ ವಿಧಿಗಳ, ಸಹಿಯಾದ ಎಲ್ಲ ಪ್ರಾದೇಶಿಕ ಒಪ್ಪಂದಗಳ ಕಲಂವಾರು ಪಾಲನಾ ಪಟ್ಟಿಯನ್ನು ನಿಮ್ಮ ಸಚಿವಾಲಯ ವರ್ಷಕ್ಕೊಮ್ಮೆ ಸಂಸತ್ತಿನಲ್ಲಿ ಇಡಲಿ. ಆಗಿದೆ, ಆಗಿಲ್ಲ, ಯಾಕೆ ಆಗಿಲ್ಲ, ಇಷ್ಟು ಬರೆದರೆ ಸಾಕು. ನಾಗಾ ಗುಂಪಿನೊಂದಿಗೆ 2015ರ ಆಗಸ್ಟ್‌ನಲ್ಲಿ ಸಹಿ ಹಾಕಿದ ಚೌಕಟ್ಟಿನ ಒಪ್ಪಂದದಿಂದಲೇ ಶುರುಮಾಡಬಹುದು. ಪ್ರತ್ಯೇಕ ರಾಜ್ಯದ ಶಾಂತಿಯುತ ಬೇಡಿಕೆಯನ್ನು ಪ್ರತ್ಯೇಕತಾವಾದದ ಕಾನೂನುಗಳ ಹತ್ತಿರಕ್ಕೂ ಒಯ್ಯಬಾರದೆಂದು ರಾಜ್ಯಗಳ ಪೊಲೀಸರಿಗೆ ಲಿಖಿತ ಸೂಚನೆ ಹೋಗಲಿ. ಸುಂದರಲಾಲ್ ವರದಿಯನ್ನೂ ರಜಾಕಾರರ ಕಾಲದ ಜಿಲ್ಲಾ ಕಡತಗಳನ್ನೂ ಒಟ್ಟಿಗೆ, ಕನ್ನಡ ಮತ್ತು ಉರ್ದು ಎರಡರಲ್ಲೂ, ಸರ್ಕಾರವೇ ಪ್ರಕಟಿಸಲಿ.

ರಾಜ್ಯಪಾಲರಲ್ಲಿ ಮತ್ತು ಮುಖ್ಯಮಂತ್ರಿಗಳಲ್ಲಿ ಕೇಳುವುದು ಇನ್ನೂ ಸರಳ. ಮುಕ್ತ ಪಟ್ಟಿ ಮೊದಲು, ಸ್ಥಳೀಯ ಪಟ್ಟಿ ಆಮೇಲೆ ಎಂಬುದನ್ನು ಸುತ್ತೋಲೆಯಲ್ಲಿ ಬಿಡದೆ ನಿಯಮದಲ್ಲೇ ಬರೆಯಿರಿ. ಈ ಭಾಗದ ಹುದ್ದೆಯಿಂದ ಹೊರಗೆ ಹೋಗಿರುವ ನಿಯೋಜನೆಗಳನ್ನು ರದ್ದುಮಾಡಿ, ರದ್ದು ಮಾಡಲಾಗದ್ದನ್ನು ಖಾಲಿ ಎಂದು ತೋರಿಸಿ. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಒಂದು ಕೋಷ್ಟಕ ಮಂಡಿಸಿ: ಇಲಾಖೆ, ಜಿಲ್ಲೆ, ಮಂಜೂರಾದ ಹುದ್ದೆ, ಸ್ಥಳೀಯ ವೃಂದದ ಪಾಲು, ಭರ್ತಿಯಾದದ್ದು, ನಿಯೋಜನೆಯಲ್ಲಿರುವುದು, ಹಿಂದಿನ ವರ್ಷದಿಂದ ಉಳಿದುಬಂದದ್ದು. ಏಳು ಕಲಮುಗಳು, ಏಳು ಜಿಲ್ಲೆಗಳು. ನಮೂನೆ ಬೇಕಿದ್ದರೆ ಬರೆದುಕೊಡಲು ಕಲಬುರಗಿಯಲ್ಲಿ, ಬೀದರಿನಲ್ಲಿ, ಯಾದಗಿರಿಯಲ್ಲಿ ನಿವೃತ್ತ ಗುಮಾಸ್ತರೂ ವಕೀಲರೂ ಬೇಕಾದಷ್ಟು ಜನ ಇದ್ದಾರೆ. ಅವರು ಭತ್ಯೆ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕೆಲವು ಅಧ್ಯಾಪಕರು, ವಕೀಲರು ಮತ್ತು ನಿವೃತ್ತ ನೌಕರರು